ಎಣ್ಣೆ ಡಬ್ಬಿಯ ಭಾನುವಾರಗಳು

"ಅಜ್ಜಾರೆ, ಕಾರಿಗೆ ತೊಳೆದು ಮತ್ತೆ ಹಾಕುವ ಏರ್ ಫಿಲ್ಟರ್ ಒಳ್ಳೆಯದೋ, ಹಳೆಯದನ್ನು ಎಸೆದು ಹೊಸದು ಹಾಕುವುದು ಒಳ್ಳೆಯದೋ?"

ಗುರುಗಳನ್ನು ಹೀಗೆ ಕೇಳಿದವನು ಮಹಾಂತಯ್ಯ. ಮಠದ ಕಾರು ಅವನ ಸುಪರ್ದಿಯಲ್ಲಿತ್ತು. ಗುರುಗಳು ಪ್ರವಚನಕ್ಕೆ ಊರೂರು ತಿರುಗುವುದು ಅದೇ ಕಾರಿನಲ್ಲಿ. ದಾರಿಗಳೆಲ್ಲ ಧೂಳು. ಎಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಫಿಲ್ಟರ್ ಕಟ್ಟಿಕೊಂಡು, ಕಾರು ಏರಿನಲ್ಲಿ ಏದುಸಿರು ಬಿಡತೊಡಗಿತ್ತು. ಅಂಗಡಿಯವನು ಎರಡು ಬಗೆಯದನ್ನೂ ಮುಂದಿಟ್ಟಿದ್ದ. ಒಂದು ಕಾಗದದ್ದು, ಧೂಳು ತುಂಬಿದ ಮೇಲೆ ಎಸೆಯುವುದು. ಇನ್ನೊಂದು ಹತ್ತಿಬಟ್ಟೆಯದು, ತೊಳೆದು, ಒಣಗಿಸಿ, ಎಣ್ಣೆ ಹಾಕಿ ಮತ್ತೆ ಕೂರಿಸುವುದು. ಮಹಾಂತಯ್ಯ ಯಾವುದನ್ನೂ ಕೊಳ್ಳದೆ ಹಿಂತಿರುಗಿದ್ದ.

"ಎಸೆಯುವುದೆಂದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಹಿಂದಿನವರು ಏನನ್ನೂ ಎಸೆಯುತ್ತಿರಲಿಲ್ಲವಂತೆ" ಎಂದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಚಾಲಕನಿದ್ದ. ಅವನಿಗೆ ಒಬ್ಬ ಗೆಳೆಯನಿದ್ದ. ಇಬ್ಬರೂ ಸೇರಿ ಒಂದು ಹಳೆಯ ಕಾರು ಕೊಂಡು ಬಾಡಿಗೆಗೆ ಓಡಿಸುತ್ತಿದ್ದರು. ಒಂದು ವಾರ ಇವನದು, ಮುಂದಿನ ವಾರ ಅವನದು. ಭಾನುವಾರ ಕಾರು ಕೈ ಬದಲಾಗುತ್ತಿತ್ತು.

ಆ ಕಾಲದ ಕಾರಿನಲ್ಲಿ ಈಗಿನಂಥ ಫಿಲ್ಟರ್ ಇರಲಿಲ್ಲ. ಎಂಜಿನ್ನಿನ ಮೇಲೆ ಒಂದು ಕಬ್ಬಿಣದ ಡಬ್ಬಿ. ಅದರ ತಳದಲ್ಲಿ ಎಣ್ಣೆ, ಮೇಲೆ ತಂತಿಯ ಜಾಲರಿ. ಗಾಳಿ ಎಣ್ಣೆಯನ್ನು ತಾಕಿ ಒಳಗೆ ಹೋಗುತ್ತಿತ್ತು. ಧೂಳು ಎಣ್ಣೆಯಲ್ಲೇ ಉಳಿದು ಗಸಿಯಾಗುತ್ತಿತ್ತು. ಭಾನುವಾರ ಬೆಳಿಗ್ಗೆ ಇಬ್ಬರೂ ಚಾಲಕನ ಮನೆಯ ಮುಂದಿನ ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿಕೊಂಡು ಕೂರುವರು. ಗಸಿ ಚೆಲ್ಲಿ, ಜಾಲರಿಯನ್ನು ಸೀಮೆಎಣ್ಣೆಯಲ್ಲಿ ಜಾಲಿಸಿ, ಕಲ್ಲಿನ ಮೇಲೆ ಒಣಗಲು ಇಡುವರು. ತೊಳೆಯುವುದು ಅರ್ಧ ಗಂಟೆಯ ಕೆಲಸ. ಮಿಕ್ಕದ್ದೆಲ್ಲ ಕಾಯುವುದು. ಅಷ್ಟು ಹೊತ್ತೂ ಮಂಡಕ್ಕಿ ತಿನ್ನುತ್ತ ಮಾತಾಡುವರು. ಯಾವ ಊರಿನಲ್ಲಿ ಮಳೆಯಾಯಿತು, ಯಾರ ಮದುವೆ ಮುರಿಯಿತು, ಯಾವ ಮುದುಕಿ ಕಾರಿನಲ್ಲಿ ಕೋಳಿ ಮರೆತು ಇಳಿದಳು. ಊಟಕ್ಕೆ ಬನ್ನಿ ಎಂದು ಮನೆಯಿಂದ ಮೂರು ಸಲ ಕರೆ ಬರುತ್ತಿತ್ತು. "ಇನ್ನೂ ಹಸಿ ಇದೆ" ಎಂದು ಇಬ್ಬರೂ ಒಟ್ಟಿಗೇ ಕೂಗುತ್ತಿದ್ದರು. ಜಾಲರಿ ಒಣಗಿ ಎಷ್ಟೋ ಹೊತ್ತಾಗಿರುತ್ತಿತ್ತು.

ಆ ಸೀಮೆಯಲ್ಲಿ ಮೂರು ಬಗೆಯ ಮಣ್ಣು. ಬಯಲಿನ ಕಡೆ ಕಪ್ಪು ಎರೆ, ಸುಣ್ಣದ ಗೂಡುಗಳ ಕಡೆ ಬಿಳಿ, ಅದಿರಿನ ಗುಡ್ಡದ ಕಡೆ ಕೆಂಪು. ಗಸಿಯನ್ನು ನೋಡಿದರೆ ಸಾಕು, ವಾರವೆಲ್ಲ ಕಾರು ಎಲ್ಲೆಲ್ಲಿ ಓಡಿತು ಎಂದು ಗೆಳೆಯ ಹೇಳಿಬಿಡುತ್ತಿದ್ದ.

ಒಂದು ಭಾನುವಾರ ಡಬ್ಬಿ ಬಗ್ಗಿಸಿದ ಗೆಳೆಯ ಕೈ ತಡೆದ.

"ಈ ವಾರದ ಬಾಡಿಗೆಯೆಲ್ಲ ಎರೆ ಸೀಮೆಗೆ ಅಂದಿದ್ದೆ. ಇಷ್ಟು ಕೆಂಪು ಎಲ್ಲಿಂದ ಬಂತು?"

ಚಾಲಕನ ಮಗಳು ತನಗೆ ಬೇಕಾದವನನ್ನು ಮದುವೆಯಾಗಿ ಗುಡ್ಡದ ಕಡೆಯ ಊರಿಗೆ ಹೋಗಿದ್ದಳು. ಇನ್ನು ನನ್ನ ಹೊಸ್ತಿಲು ತುಳಿಯಬೇಡ ಎಂದು ಇವನೇ ಹೇಳಿ ಕಳಿಸಿದ್ದ. ಎರಡು ವರ್ಷವಾಗಿತ್ತು. ಅವಳ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

"ಮಗಳ ಊರಿಗೆ ಹೋಗಿದ್ದೆ" ಎಂದ ಕೊನೆಗೆ. "ಮೂರು ಸಲ. ಮೂರು ಸಲವೂ ಬಾಗಿಲ ತನಕ ಹೋಗಿ ತಿರುಗಿ ಬಂದೆ."

ಹೇಳಿದ ಮೇಲೆ ಅಳು ತಡೆಯಲಾಗಲಿಲ್ಲ. ಸೀಮೆಎಣ್ಣೆಯ ಕೈಯಲ್ಲೇ ಮುಖ ಒರೆಸಿಕೊಂಡ. ಕಣ್ಣು ಇನ್ನಷ್ಟು ಉರಿಯಿತು. ಗೆಳೆಯ ಬುದ್ಧಿವಾದ ಹೇಳಲಿಲ್ಲ. ಒದ್ದೆ ಬಟ್ಟೆ ತಂದು ಕೊಟ್ಟ. "ನಾಳೆಯಿಂದ ನನ್ನ ವಾರ. ಮೊದಲ ಬಾಡಿಗೆ ನಿನ್ನ ಮಗಳ ಊರಿಗೆ. ನೀನು ಹಿಂದೆ ಕೂತಿರು, ಸಾಕು" ಎಂದ.

ಮರುದಿನ ಬಾಗಿಲು ಬಡಿದವನು ಗೆಳೆಯ. ತೆರೆದವಳು ಮಗಳು. ಅವಳ ತೋಳಿನಲ್ಲಿ ಮೂರು ತಿಂಗಳ ಕೂಸಿತ್ತು. ಕಾರಿನಲ್ಲಿ ಕೂತಿದ್ದ ಚಾಲಕ ಇಳಿಯಲಿಲ್ಲ. ಅವಳೇ ಬಂದು ಕಾರಿನ ಬಾಗಿಲು ತೆಗೆದಳು.

ಹೀಗೆ ಹದಿನಾರು ವರ್ಷ ನಡೆಯಿತು. ಕಾರಿಗೆ ವಯಸ್ಸಾಯಿತು, ಬಿಡಿಭಾಗ ಸಿಗದಾಯಿತು. ಅದನ್ನು ಗುಜರಿಗೆ ಹಾಕಿ ಇಬ್ಬರೂ ಬೇರೆ ಬೇರೆ ಹೊಸ ಕಾರು ಕೊಂಡರು. ಹೊಸ ಕಾರಿನಲ್ಲಿ ಕಾಗದದ ಫಿಲ್ಟರ್. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಹಳೆಯದನ್ನು ಕಿತ್ತು ಬುಟ್ಟಿಗೆ ಎಸೆದು ಹೊಸದನ್ನು ಕೂರಿಸುತ್ತಿದ್ದ. ಐದು ನಿಮಿಷದ ಕೆಲಸ. ಎಸೆದದ್ದು ಯಾವ ಬಣ್ಣ ಎಂದು ಯಾರೂ ನೋಡುತ್ತಿರಲಿಲ್ಲ. ಭಾನುವಾರವೂ ಬಾಡಿಗೆ ಸಿಗುತ್ತಿತ್ತು, ಹೋಗುತ್ತಿದ್ದರು. ಜಗಳವಿಲ್ಲ, ಮನಸ್ತಾಪವಿಲ್ಲ. ದಾರಿಯಲ್ಲಿ ಎದುರಾದರೆ ಹಾರ್ನ್ ಹೊಡೆದು ಕೈ ಎತ್ತುತ್ತಿದ್ದರು. ಬರಬರುತ್ತ ಎದುರಾಗುವುದೂ ಕಡಿಮೆಯಾಯಿತು.

ವರ್ಷಗಳು ಕಳೆದವು. ಒಂದು ದಿನ ಚಾಲಕ ಅಂಗಡಿಯಲ್ಲಿ ಹತ್ತಿಬಟ್ಟೆಯ ಫಿಲ್ಟರ್ ನೋಡಿದ. "ಇದನ್ನು ಎಸೆಯುವ ಹಾಗಿಲ್ಲ. ತೊಳೆಯಬೇಕು, ನೆರಳಲ್ಲಿ ಪೂರ್ತಿ ಒಣಗಿಸಬೇಕು, ಹದವಾಗಿ ಎಣ್ಣೆ ಹಾಕಬೇಕು" ಎಂದ ಅಂಗಡಿಯವನು. ಆ ಮಾತು ಕಿವಿಗೆ ಬಿದ್ದದ್ದೇ ಅವನಿಗೆ ಸೀಮೆಎಣ್ಣೆಯ ವಾಸನೆ ಬಂದ ಹಾಗಾಯಿತು. ಹಿಂದುಮುಂದು ನೋಡದೆ ಕೊಂಡ. ಹಳೆಯ ದಿನವನ್ನೇ ಮನೆಗೆ ಕರೆತಂದೆ ಎಂದುಕೊಂಡ.

ಮೊದಲ ಸಲ ಭಾನುವಾರವೇ ತೊಳೆದ. ಅದೇ ಬೇವಿನ ಮರ, ಅದೇ ಕಲ್ಲು. ಫಿಲ್ಟರನ್ನು ಒಣಗಲು ಇಟ್ಟು ಪಕ್ಕದಲ್ಲಿ ಕೂತ. ಮಂಡಕ್ಕಿ ತರಿಸಿದ್ದ, ನಾಲ್ಕು ತುತ್ತಿಗೆ ಸಾಕೆನಿಸಿತು. ಹೊತ್ತು ಹೋಗಲಿಲ್ಲ. ಮುಟ್ಟಿ ನೋಡಿದ, ಹಸಿ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮುಟ್ಟಿದ. ಇಷ್ಟು ನಿಧಾನವಾಗಿ ಯಾವುದೂ ಒಣಗಿದ್ದನ್ನು ಅವನು ಕಂಡಿರಲಿಲ್ಲ. ಹೇಗೋ ಸಂಜೆಯ ತನಕ ಕಾದು ಹಾಕಿದ.

ಎರಡನೆಯ ಸಲ ಅಷ್ಟು ಕಾಯಲಿಲ್ಲ. ಮೂರನೆಯ ಸಲ ಬಾಡಿಗೆಯ ಕರೆ ಬಂದಾಗ, ಹಸಿ ಬಟ್ಟೆಯ ಮೇಲೆಯೇ ಎಣ್ಣೆ ಸುರಿದು ಕೂರಿಸಿ ಹೊರಟ. ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಹಸಿ ಇದ್ದ ಕಡೆ ಎಣ್ಣೆ ಹಿಡಿಯಲಿಲ್ಲ. ಎಣ್ಣೆ ಹಿಡಿಯದ ಕಡೆ ಧೂಳು ನಿಲ್ಲಲಿಲ್ಲ. ಅದು ನೇರವಾಗಿ ಎಂಜಿನ್ನಿಗೆ ಇಳಿಯಿತು.

ವರ್ಷ ತುಂಬುವುದರೊಳಗೆ ಕಾರು ಹೊಗೆ ಕಾರತೊಡಗಿತು. ಒಂದು ದಿನ ಏರಿನ ನಡುವೆ ನಿಂತೇ ಹೋಯಿತು. ಮೆಕ್ಯಾನಿಕ್ ಗಾಳಿಯ ಕೊಳವೆ ಬಿಚ್ಚಿ ಒಳಗೆ ಬೆರಳಾಡಿಸಿದ. ಬೆರಳಿಗೆ ಮಣ್ಣು ಹತ್ತಿತು.

"ಫಿಲ್ಟರಿನದು ತಪ್ಪಿಲ್ಲ. ನೀವು ಒಣಗೋಕೆ ಬಿಟ್ಟಿಲ್ಲ" ಎಂದ.

ಮೂವತ್ತು ವರ್ಷ ಸ್ಟೀರಿಂಗ್ ಹಿಡಿದವನಿಗೆ ಈ ಮಾತು ನಾಟಿತು. ಎಂಜಿನ್ ಬಿಚ್ಚಿ ಹರಡಿಕೊಂಡಿದ್ದ ಗ್ಯಾರೇಜಿನಲ್ಲಿ ಅವನಿಗೆ ಮಾಡಲು ಕೆಲಸವಿರಲಿಲ್ಲ. ಬಹಳ ವರ್ಷಗಳ ಮೇಲೆ ಅವನ ಭಾನುವಾರ ಖಾಲಿಯಾಗಿತ್ತು. ಫಿಲ್ಟರನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಗೆಳೆಯನ ಮನೆಗೆ ಹೋದ.

ಗೆಳೆಯ ಕಟ್ಟೆಯ ಮೇಲೆ ಕೂತಿದ್ದ. ಕೂದಲು ಪೂರ್ತಿ ನೆರೆತಿತ್ತು. ಮಂಡಿನೋವಿಗೆ ಕಾರು ಓಡಿಸುವುದನ್ನು ಬಿಟ್ಟಿದ್ದ. ಇವನನ್ನು ಕಂಡದ್ದೇ ಏಳಲು ಹೋದ, ಆಗಲಿಲ್ಲ. ಕೂತಲ್ಲಿಂದಲೇ ಎರಡೂ ಕೈ ಚಾಚಿದ. ಇವನು ನಡೆದದ್ದನ್ನೆಲ್ಲ ಹೇಳಿದ. ಹೇಳಿ, ಫಿಲ್ಟರನ್ನು ತೆಗೆದು ಮುಂದಿಟ್ಟ.

"ಇವತ್ತು ಇಬ್ಬರೂ ಕೂತು ತೊಳೆಯೋಣ. ಮೊದಲಿನ ಹಾಗೆ" ಎಂದ.

ಗೆಳೆಯ ಅದನ್ನು ತಿರುಗಿಸಿ ನೋಡಿ ಪಕ್ಕಕ್ಕೆ ಸರಿಸಿದ.

"ದೋಸ್ತ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಆ ಸೀಮೆಎಣ್ಣೆ ವಾಸನೆ ನನಗೆ ಯಾವತ್ತೂ ಸೇರ್ತಿರಲಿಲ್ಲ. ಭಾನುವಾರ ಎಲ್ಲ ತಲೆ ಸಿಡೀತಿತ್ತು. ನೀನು ಇರ್ತಿದ್ದೆ ಅಂತ ಬರ್ತಿದ್ದೆ."

ಚಾಲಕ ಅವನ ಮುಖವನ್ನೇ ನೋಡಿದ. ಹದಿನಾರು ವರ್ಷದಲ್ಲಿ ಒಂದು ದಿನವೂ ಅವನು ಇದನ್ನು ಹೇಳಿರಲಿಲ್ಲ. ಚಾಲಕನಿಗೆ ನಗು ಬಂತು. ಗೆಳೆಯನೂ ನಕ್ಕ. ಒಳಗಿನಿಂದ ಗೆಳೆಯನ ಹೆಂಡತಿ ಚಹ ತಂದಿಟ್ಟಳು. ಚಹ ಆರಿತು. ಅವಳು ಮತ್ತೆ ಬಿಸಿ ಮಾಡಿ ತಂದಳು. ಕೊನೆಯ ಬಸ್ಸಿಗೆ ಹೊತ್ತಾಯಿತು ಎಂದು ಅವಳೇ ಎಚ್ಚರಿಸಬೇಕಾಯಿತು.

ಎಂಜಿನ್ ರಿಪೇರಿಯಾದ ಮೇಲೆ ಚಾಲಕ ಕಾರಿಗೆ ಕಾಗದದ ಫಿಲ್ಟರನ್ನೇ ಹಾಕಿಸಿದ. ಭಾನುವಾರ ಬಾಡಿಗೆ ಒಪ್ಪಿಕೊಳ್ಳುವುದನ್ನು ಬಿಟ್ಟ. ಆ ದಿನ ಕಾರು ಗೆಳೆಯನ ಮನೆಯ ಮುಂದೆ ನಿಂತಿರುತ್ತಿತ್ತು. ಗೆಳೆಯ ಇರುವ ತನಕವೂ ಅದು ತಪ್ಪಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮಹಾಂತಯ್ಯ ಮುಂದಿನ ಮಾತಿಗೆ ಕಾದ.

"ಹಾಗಾದರೆ ಅಜ್ಜಾರೆ, ಮಠದ ಕಾರಿಗೆ ತೊಳೆಯುವುದನ್ನು ತರಲೋ, ಎಸೆಯುವುದನ್ನು ತರಲೋ?"

ಗುರುಗಳು ಹೇಳಿದರು: "ಅದು ಒಣಗುವ ತನಕ ನಿನ್ನ ಪಕ್ಕದಲ್ಲಿ ಯಾರು ಕೂರುತ್ತಾರೆ, ಮೊದಲು ಅದನ್ನು ಹೇಳು."

ಮಹಾಂತಯ್ಯ ಬಾಯಿ ತೆರೆದ. ಹೇಳಲು ಒಂದು ಹೆಸರೂ ಬರಲಿಲ್ಲ.