ಹೆಬ್ಬೆರಳು

"ಗುರುಗಳೇ, ವಾರ್ಡಿನಲ್ಲಿ ನಲವತ್ತು ಜನ ನರಳುತ್ತಿರುವಾಗ ನಾನೊಬ್ಬಳು ಹತ್ತು ನಿಮಿಷ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂರುವುದು ಸ್ವಾರ್ಥವಲ್ಲವೇ?" ಎಂದು ನರ್ಸ್ ದಾಕ್ಷಾಯಣಿ ಕೇಳಿದಳು. ಕೇಳುವಾಗಲೂ ಅವಳು ಕೂತಿರಲಿಲ್ಲ.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ನಾಡಿ ಹಿಡಿದು ರೋಗ ಹೇಳುವುದರಲ್ಲಿ ಎತ್ತಿದ ಕೈ. ವಿದ್ಯೆ ಕಲಿಸಿದವರು ಅವನಿಗೆ ಎರಡು ಮಾತು ಹೇಳಿ ಕಳಿಸಿದ್ದರು. ರೋಗಿಯ ಮನೆಯ ಜಗಲಿಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತು, ನಿನ್ನ ಉಸಿರು ನಿಧಾನವಾದ ಮೇಲೆ ಒಳಗೆ ಹೋಗು. ಮೂರು ಬೆರಳಿನಲ್ಲಿ ನಾಡಿ ನೋಡು, ಹೆಬ್ಬೆರಳು ಇಡಬೇಡ; ಅದರಲ್ಲಿ ನಿನ್ನದೇ ನಾಡಿ ಬಡಿಯುತ್ತಿರುತ್ತದೆ.

ಒಂದು ವರ್ಷ ಊರಿಗೆಲ್ಲ ಜ್ವರ ಹಬ್ಬಿತು. ಮನೆಮನೆಯಿಂದ ಕರೆ ಬಂತು. ಒಳಗೆ ಜನ ನರಳುವಾಗ ಜಗಲಿಯಲ್ಲಿ ಕೂರಲು ವೈದ್ಯನಿಗೆ ನಾಚಿಕೆಯಾಯಿತು. ಮೊದಲು ಜಗಲಿ ಬಿಟ್ಟ. ಆಮೇಲೆ ನಿದ್ದೆ ಬಿಟ್ಟ, ಊಟ ಬಿಟ್ಟ. ದೇವರಂಥ ಮನುಷ್ಯ ಎಂದು ಊರವರು ಕೊಂಡಾಡಿದರು. ಹೊಗಳಿಕೆಯಿಂದ ಹೊಟ್ಟೆ ತುಂಬುತ್ತದೆಯೇ? ಅವನಿಗೆ ತುಂಬುತ್ತಿತ್ತು, ಪಾಪ.

ಒಂಬತ್ತನೆಯ ದಿನ ಮಧ್ಯಾಹ್ನ ಅವನು ಒಬ್ಬ ಕುಂಬಾರನ ಮನೆಗೆ ಓಡಿ ಬಂದ. ಕುಂಬಾರ ಕಂಬಳಿ ಹೊದ್ದು ಮಲಗಿದ್ದ, ಹೆಂಡತಿ ತಲೆಯ ಬಳಿ ಕೂತಿದ್ದಳು. ವೈದ್ಯ ಏದುಸಿರು ಬಿಡುತ್ತಲೇ ಮಣಿಕಟ್ಟಿಗೆ ಕೈ ಹಾಕಿದ. ಬೆರಳುಗಳು ಜೋಮು ಹಿಡಿದಿದ್ದವು, ಏನೂ ತಿಳಿಯಲಿಲ್ಲ. ಬೆಳಗಿನಿಂದ ಮಾಡುತ್ತಿದ್ದಂತೆ ಹಿಡಿತ ಬದಲಿಸಿ ಒತ್ತಿ ಹಿಡಿದ. ನಾಡಿ ಸಿಕ್ಕಿತು.

"ಹೆದರಬೇಡ ತಾಯಿ. ಜ್ವರ ಏರಿದೆ, ನಾಡಿ ಓಡುತ್ತಿದೆ. ಈ ಕಷಾಯ ಕುಡಿಸು, ನಾಳೆಗೆ ಎದ್ದು ಕೂರುತ್ತಾನೆ" ಎಂದ.

ಅವಳು ಕಷಾಯವನ್ನು ಗಂಡನ ತುಟಿಗಿಟ್ಟಳು. ಅದು ಕೆನ್ನೆಯ ಮೇಲೆ ಇಳಿದು ಹೋಯಿತು. ಅವಳು ಅವನ ಎದೆಗೆ ಕಿವಿಯಿಟ್ಟಳು. ಬಹಳ ಹೊತ್ತು ಹಾಗೆಯೇ ಇದ್ದಳು.

"ಉಸಿರೇ ಇಲ್ಲವಲ್ಲ ಅಯ್ಯಾ" ಎಂದಳು.

ವೈದ್ಯ ಬೆಚ್ಚಿಬಿದ್ದ. ಅವನ ಹಿಡಿತದಲ್ಲಿ ನಾಡಿ ಇನ್ನೂ ಓಡುತ್ತಲೇ ಇತ್ತು. ಬಗ್ಗಿ ನೋಡಿದ. ಸತ್ತವನ ಮಣಿಕಟ್ಟಿನ ಮೇಲೆ ಇದ್ದುದು ತನ್ನ ಹೆಬ್ಬೆರಳು. ಜ್ವರ ಏರಿದ್ದು ತನಗೆ.

ಬೆಳಗಿನಿಂದ ಹನ್ನೊಂದು ಮನೆಗಳಲ್ಲಿ ಅವನಿಗೆ ಇದೇ ನಾಡಿ ಸಿಕ್ಕಿತ್ತು, ಇದೇ ಕಷಾಯ ಕೊಟ್ಟು ಬಂದಿದ್ದ. ಎಲ್ಲರಿಗೂ ಒಂದೇ ರೋಗ ಎಂದುಕೊಂಡಿದ್ದ. ಚಪ್ಪಲಿಯನ್ನೂ ಮೆಟ್ಟದೆ ಬಂದ ದಾರಿಯಲ್ಲೇ ಹಿಂದಕ್ಕೆ ಓಡಿದ. ಮೊದಲ ಮನೆ ಮುಟ್ಟುವ ಹೊತ್ತಿಗೆ ಒಳಗಿನಿಂದ ಅಳು ಕೇಳಿಸಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ದಾಕ್ಷಾಯಣಿ ನಿಂತಲ್ಲೇ ಕೂತಳು.

"ಉಳಿದ ಹತ್ತು ಮನೆಯವರು ಏನಾದರು ಗುರುಗಳೇ?"

ಗುರುಗಳು ಅವಳ ಬಲಗೈಯನ್ನೇ ನೋಡುತ್ತ ಕೇಳಿದರು: "ಇವತ್ತು ಬೆಳಗಿನಿಂದ ನೀನು ಹಿಡಿದ ಕೈಗಳಲ್ಲಿ ಓಡುತ್ತಿದ್ದುದು ಯಾರ ನಾಡಿ, ತಾಯಿ?"