ಕತ್ತೆಯ ಬೆನ್ನಿನ ಕಂಬಳಿ

ಪಾಠಕ್ಕೆ ಹೋಗುವ ಮುನ್ನ ಮಠದ ಅಡುಗೆಮನೆಯ ಹೊಸ್ತಿಲ ಮೇಲೆ ತನ್ನ ಬುತ್ತಿಯ ಡಬ್ಬಿ ಇಟ್ಟು ಹೋಗುವುದು ಶಿಷ್ಯೆ ಸುಮಂಗಲೆಯ ಅಭ್ಯಾಸ. ಬಾಯಿಬಿಟ್ಟು ಕೇಳಲು ನಾಚಿಕೆ. ಡಬ್ಬಿಯೇ ಕೇಳುತ್ತಿತ್ತು, ಅಡುಗೆಯ ಗಂಗಮಾಳಮ್ಮ ತುಂಬಿಡುತ್ತಿದ್ದಳು. ಮೊನ್ನೆ ಗಂಗಮಾಳಮ್ಮ ಒಲೆಯ ಮುಂದೆ ಕುಸಿದು ಸತ್ತಳು. ಆ ದಿನವೇ ಸುಮಂಗಲೆ ಡಬ್ಬಿಯನ್ನು ಎತ್ತಿ ತನ್ನ ಪೆಟ್ಟಿಗೆಯಲ್ಲಿಟ್ಟಳು.

ಈಗ ಅವಳು ಗುರುಗಳ ಮುಂದೆ ಕುಳಿತು ಕೇಳಿದಳು: "ಬುದ್ಧಿ, ಒಂಟೆಯ ಬೆನ್ನು ಮುರಿದದ್ದು ಕೊನೆಯ ಹುಲ್ಲುಕಡ್ಡಿ ಎಂದು ಇಂಗ್ಲಿಷಿನಲ್ಲಿ ಒಂದು ಮಾತಿದೆ. ಇನ್ನು ತಡೆಯಲಾರೆ ಎನ್ನುವ ಹೊತ್ತಿಗೆ ಬಂದ ಸಣ್ಣ ಕಾರಣಕ್ಕೆ ಹಾಗೆನ್ನುತ್ತಾರೆ. ಗಂಗಮಾಳಮ್ಮನಿಗೆ ಇನ್ನೊಂದು ಕೊಡ ನೀರು ತಾ ಎಂದು ಕೊನೆಗೆ ಹೇಳಿದವಳು ಪಾತ್ರೆ ತೊಳೆಯುವ ಪುಟ್ಟನಂಜಿ. ಅವಳನ್ನು ಇವತ್ತೇ ಮಠದಿಂದ ಕಳಿಸಬೇಕು ಎನ್ನುತ್ತಿದ್ದಾರೆ. ಆ ಮಾತು ಅವಳಿಗೆ ಸಲ್ಲುತ್ತದಲ್ಲವೆ?"

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬನಿಗೆ ಒಂದು ಕತ್ತೆಯಿತ್ತು. ಗುಡ್ಡ ಹತ್ತುವಾಗ ರೈತ ಅದರ ಮೇಲೆ ರಾಗಿ ಚೀಲ ಹೇರಿದ. ವ್ಯಾಪಾರಿ ಉಪ್ಪಿನ ಮೂಟೆ ಹೇರಿದ. ಗಾಣದವನು ಎಣ್ಣೆಯ ಡಬ್ಬ ಕಟ್ಟಿದ. ಕತ್ತೆ ನಡೆಯಿತು. ನಡೆಯುತ್ತದೆಂದು ಇನ್ನಷ್ಟು ಕಟ್ಟಿದರು. ಅರ್ಧ ಏರಿನಲ್ಲಿ ಒಬ್ಬ ಮುದುಕಿ, ಸೆಕೆ ತಾಳಲಾರದೆ, ತನ್ನ ಕಂಬಳಿಯನ್ನು ಅದರ ಮೇಲೆ ಹಾಕಿದಳು. ಕತ್ತೆ ಮಂಡಿಯೂರಿತು, ಸತ್ತಿತು.

ಒಡೆಯ ಹಿಂದೆ ಬರುತ್ತಿದ್ದ. ಅವನು ಬಂದು ಮುಟ್ಟುವಷ್ಟರಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಗಂಟು ಬಿಚ್ಚಿಕೊಂಡರು. ಕಳ್ಳತನವೇನಲ್ಲ, ಅವರವರ ಸೊತ್ತು. ಕೊನೆಗೆ ಸತ್ತ ಕತ್ತೆಯ ಮೇಲೆ ಉಳಿದದ್ದು ಕಂಬಳಿ ಒಂದೇ.

"ಇದು ಯಾರದು?" ಎಂದ ಒಡೆಯ.

"ಅಜ್ಜಿಯದಪ್ಪ. ಹೊದಿಸಿದ್ದೇ ತಡ, ಬಿತ್ತು. ಪಾಪ, ಕತ್ತೆಗೆ ಚಳಿಯಾಗಿತ್ತೇನೋ," ಎಂದ ವ್ಯಾಪಾರಿ.

"ಕಂಬಳಿ ಎತ್ತಿ ನೋಡು ಮಗ. ಕೆಳಗೆ ಹಗ್ಗದ ಬಾಸುಂಡೆ ಇದೆ," ಎಂದಳು ಮುದುಕಿ.

ಯಾರೂ ಎತ್ತಲಿಲ್ಲ. ಕತ್ತೆಯ ಬದಲು ಅವಳೇ ಹೊರಬೇಕೆಂದು ಊರು ತೀರ್ಮಾನಿಸಿತು. ಮೊದಲ ದಿನ ರೈತ ಅರ್ಧ ಚೀಲ ಹೊರಿಸಿದ. ಮಳೆಗಾಲ ಬರುವಷ್ಟರಲ್ಲಿ ಅದೇ ಏರಿನಲ್ಲಿ ಅವಳೂ ಬಿದ್ದಳು. ಒಡೆಯ ಬಂದು ನೋಡಿದಾಗ ಅವಳ ತಲೆಯ ಮೇಲೆ ಏನೂ ಇರಲಿಲ್ಲ.

ಗುರುಗಳು ಕಥೆ ಮುಗಿಸಿದರು. ಹೊರಗೆ ಜಗಲಿಯ ಮೇಲೆ ಪುಟ್ಟನಂಜಿ ತನ್ನ ಎರಡು ಸೀರೆಗಳನ್ನು ಗಂಟು ಕಟ್ಟುತ್ತಿದ್ದಳು. ಸುಮಂಗಲೆ ಅತ್ತ ನೋಡಿ ತಲೆ ತಗ್ಗಿಸಿದಳು.

"ಅವಳನ್ನು ಕಳಿಸೋಣ, ಮಗಳೆ," ಎಂದರು ಗುರುಗಳು. "ಅದಕ್ಕೆ ಮೊದಲು, ಹೊಸ್ತಿಲ ಮೇಲೆ ಒಂದು ಡಬ್ಬಿ ಇರುತ್ತಿತ್ತಲ್ಲ, ಅದನ್ನು ತಂದು ಇಲ್ಲಿಡು."