ಕಮಾನಿಗೆ ಕೇಳಿದ ರೊಕ್ಕ

ಗದಗದ ಹತ್ತಿರದ ಒಂದು ಶಾಲೆಯಲ್ಲಿ ಮೂವತ್ತು ವರ್ಷ ಕಸ ಗುಡಿಸಿದ ನೀಲವ್ವ ನಿವೃತ್ತಳಾದಳು. ಕೈಗೆ ಎರಡು ಲಕ್ಷ ಬಂತು. ಬಂದ ದಿನವೇ ಶಾಲೆಯ ಅಧ್ಯಕ್ಷ ಚನಬಸನಗೌಡರು ಅವಳನ್ನು ಕರೆಸಿದರು.

“ಆ ರೊಕ್ಕ ಶಾಲೆಗೆ ಕೊಟ್ಟುಬಿಡವಾ. ಹೊಸ ಕಮಾನು ಕಟ್ಟಸ್ತೀವಿ, ನಿನ್ನ ಹೆಸರು ಕೆತ್ತಸ್ತೀವಿ. ಮಕ್ಕಳು ಮರಿ ಇಲ್ಲದಾಕಿ, ಇಟ್ಕೊಂಡು ಏನ್ ಮಾಡ್ತಿ?”

ನೀಲವ್ವ ಸೆರಗು ಸರಿಮಾಡಿಕೊಂಡಳು. “ಆತ್ರಿ ಗೌಡ್ರ, ಎಲ್ಲಾ ತಗೋರಿ. ನಾ ಇರೋತನಕ ನನಗ ತಿಂಗಳಿಗೆ ಎರಡು ಸಾವಿರ ಕೊಡ್ತೀವಿ ಅಂತ ಬರದುಕೊಡ್ರಿ, ಸಾಕು.”

ಗೌಡರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಅರವತ್ತು ದಾಟಿದ ಬಡಕಲು ಜೀವ, ಇನ್ನು ನಾಕೈದು ವರ್ಷ ಇದ್ದರೆ ಹೆಚ್ಚು. ನಗುತ್ತಾ ಪೆನ್ನು ತೆಗೆದು ಎರಡು ಸಾಲು ಬರೆದರು. ಸಹಿ ಹಾಕುವ ಮುಂಚೆ ಸುಮ್ಮನೆ ಕೇಳಿದರು: “ನಿಮ್ಮವ್ವ ಎಷ್ಟು ವರ್ಷ ಬದುಕಿದ್ಲು?”

“ಇನ್ನೂ ಬದುಕ್ಯಾಳಲ್ರಿ! ತೊಂಬತ್ತಾರು. ಹೊರಗ ಆಟೋದಾಗ ಕುಂತಾಳ, ಕರೀಲೇನ್ರಿ?”

ಗೌಡರು ಪೆನ್ನಿನ ಮುಚ್ಚಳ ಹಾಕಿದರು. ಬರೆದ ಕಾಗದ ಹರಿದರು. “ಬ್ಯಾಡ ಬಿಡವಾ. ನಿನ್ನ ರೊಕ್ಕ ನಿನ್ನ ಹತ್ರಾನ ಇರ್ಲಿ.”

ನೀಲವ್ವ ಕೈಮುಗಿದು ಹೊರಬಂದು, ಆಟೋವನ್ನು ನೇರ ಪೋಸ್ಟ್ ಆಫೀಸಿಗೆ ಬಿಡಿಸಿದಳು. ತಿಂಗಳ ಬಡ್ಡಿ ಬರುವ ಖಾತೆಗೆ ಎರಡು ಲಕ್ಷವನ್ನೂ ಹಾಕಿದಳು. ತನ್ನ ನಂತರ ಹಣ ಯಾರಿಗೆ ಎಂದು ಗುಮಾಸ್ತ ಕೇಳಿದಾಗ, ಧೈರ್ಯವಾಗಿ ಅವ್ವನ ಹೆಸರು ಬರೆಸಿದಳು.